ನನ್ನ ತಲೆಯ ಐವರು ವಾರಸುದಾರರು

ಲಕ್ವ ಹೊಡೆದು ಮಾತು ಕಳೆದುಕೊಂಡವರು, ಅಂಥವರನ್ನು ಮನೆಯಲ್ಲಿ ಸಾಕುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ನಾನು ಹಾಸಿಗೆ ಹಿಡಿದಿದ್ದಾಗ ಸಮಾಧಾನ ಹೇಳಲು ಬಂದವರೆಲ್ಲ ನನ್ನ ಹೆಂಡತಿ ಗಿರಿಜಾ ಮಾಡಿದ ಅವಲಕ್ಕಿ ತಿಂದು, ಚಹಾ ಕುಡಿದು, ಎಲ್ಲಾ ದೇವರ ಇಚ್ಛೆ ಎಂದು ಹೇಳಿ ಹೋದರು. ಚಹಾದ ಬಶಿ ಖಾಲಿಯಾಗುವವರೆಗೆ ದೇವರ ಇಚ್ಛೆ ನಡೆಯುತ್ತಿತ್ತು; ಆಮೇಲೆ ಅವರಿಗೆ ಲೋಕಲ್ ರೈಲು ಹಿಡಿಯುವ ಹೊತ್ತಾಗುತ್ತಿತ್ತು. ಅದಕ್ಕೇ ನಾನು ಸಮಾಧಾನದ ಗೊಡವೆಗೆ ಹೋಗದೆ ನಡೆದದ್ದನ್ನಷ್ಟೇ ಹೇಳುತ್ತೇನೆ.

ನಾನು ಧಾರವಾಡದ ಕಡೆಯವನು. ಮುಂಬಯಿಯ ಫೋರ್ಟಿನ ಒಂದು ಕೋರ್ಟಿನಲ್ಲಿ ದುಭಾಷಿಯಾಗಿದ್ದೆ. ಸಾಕ್ಷಿ ಕನ್ನಡದಲ್ಲೋ ಮರಾಠಿಯಲ್ಲೋ ಹೇಳಿದ್ದನ್ನು ಜಡ್ಜಿಗೆ ಇಂಗ್ಲಿಷಿನಲ್ಲಿ, ವಕೀಲ ಇಂಗ್ಲಿಷಿನಲ್ಲಿ ಕೇಳಿದ್ದನ್ನು ಸಾಕ್ಷಿಗೆ ಅವನ ಭಾಷೆಯಲ್ಲಿ ಹೇಳುವುದು ನನ್ನ ಕೆಲಸ. ಇಪ್ಪತ್ತು ವರ್ಷದ ಹತ್ತಿರ ಹತ್ತಿರ ಬೇರೆಯವರ ಸುಳ್ಳುಗಳನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗಿಸಿದವನಿಗೆ ಮನುಷ್ಯರ ಮೇಲೆ ಎಷ್ಟು ಗೌರವ ಉಳಿದಿರುತ್ತದೋ ಅಷ್ಟೇ ನನಗೂ ಉಳಿದಿತ್ತು.

ಆ ದಿನ ಕಟಕಟೆಯಲ್ಲಿ ನಿಂತಿದ್ದವನು ವಿಜಾಪುರ ಕಡೆಯ ಒಬ್ಬ ಗಿರಣಿ ಕೆಲಸಗಾರ. 'ಅಂವ ನನ್ನ ಹೊಡದ್ರಿ, ನಾ ಬಿದ್ದೆ' ಎಂದ. ಸರಳ ಮಾತು. ಇಂಗ್ಲಿಷಿನಲ್ಲಿ ಹೇಳಲು ಜಡ್ಜಿನ ಕಡೆ ತಿರುಗಿದೆ. ನನ್ನ ಬಾಯಿಂದ ಬಂದದ್ದು ಇಂಗ್ಲಿಷ್ ಅಲ್ಲ, ಕನ್ನಡವೂ ಅಲ್ಲ, ಒಂದು ತೊದಲು ಸದ್ದು. ಬಲಗೈಯಲ್ಲಿದ್ದ ಕನ್ನಡಕ ಕೆಳಗೆ ಬಿತ್ತು. ಬಗ್ಗಿ ಎತ್ತಿಕೊಳ್ಳಬೇಕು ಅಂದುಕೊಂಡೆ, ಕೈ ನನ್ನ ಮಾತು ಕೇಳಲಿಲ್ಲ. ನಾನು ಬೀಳುತ್ತಿದ್ದಾಗ ಒಬ್ಬ ವಕೀಲ ಎದ್ದು ನಿಂತು, ದುಭಾಷಿ ಈಗ ಹೇಳಿದ್ದನ್ನು ದಾಖಲೆಗೆ ತೆಗೆದುಕೊಳ್ಳಬೇಕೇ ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಇನ್ನೊಬ್ಬ ವಕೀಲ ಅದಕ್ಕೆ ಆಕ್ಷೇಪಣೆ ಎತ್ತಿದ. ನನ್ನನ್ನು ಎತ್ತಿದವನು ಆ ಗಿರಣಿ ಕೆಲಸಗಾರ.

ಆಸ್ಪತ್ರೆಯಲ್ಲಿ ಮೊದಲ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆದರಿಕೆ ಹೇಗಿತ್ತೆಂದರೆ, ಸುತ್ತ ನಿಂತವರು ಆಡುವುದೆಲ್ಲ ತಿಳಿಯುತ್ತಿತ್ತು, ನನಗೆ ತಿಳಿಯುತ್ತಿದೆ ಎಂದು ಅವರಿಗೆ ಹೇಳುವ ದಾರಿ ಇರಲಿಲ್ಲ. ಕಾಲಬದಿಗೆ ನಿಂತು ನನ್ನ ನೌಕರಿಯ ಭವಿಷ್ಯ ಚರ್ಚಿಸಿದರು, ನಾನು ಹುಟ್ಟಿನಿಂದಲೇ ಸಿಡುಕ ಎಂದು ಒಬ್ಬರು ನೆನೆಸಿಕೊಂಡರು. ಅವ್ವ ಮಾತ್ರ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಸತ್ತ ಕೈಯನ್ನು ತಿಕ್ಕುತ್ತಿದ್ದಳು. ಅವ್ವ ಎಂದರೆ ನನ್ನ ತಾಯಿ. ಅಪ್ಪ ಹೋದ ಮೇಲೆ ವಡಾಲದಲ್ಲಿ ನಮ್ಮ ಜೊತೆಗೇ ಇದ್ದಳು. ಮನೆಯಲ್ಲಿ ನಾವು ಮೂವರೇ. ಮುಂಬಯಿಯಲ್ಲಿ ಅಷ್ಟು ವರ್ಷ ಇದ್ದರೂ ಅವಳಿಗೆ ಕನ್ನಡ ಬಿಟ್ಟು ಬೇರೆ ಭಾಷೆಯ ಒಂದು ಅಕ್ಷರ ಬರುತ್ತಿರಲಿಲ್ಲ. ಬರಬೇಕೆಂಬ ಆಸೆಯೂ ಇರಲಿಲ್ಲ.

ಒಂದು ಬೆಳಿಗ್ಗೆ ಅವಳು, 'ಮಲ್ಲೂ, ನೀರ ಬೇಕೇನಪಾ?' ಎಂದು ಕೇಳಿದಳು.

ನಾಲಿಗೆ ಹೊರಳಿತು. 'ಪಾಣಿ' ಎಂದೆ.

ಗಿರಿಜಾ ಅತ್ತುಬಿಟ್ಟಳು. ಮಾತು ಬಂತು ಎಂದು ನರ್ಸನ್ನು ಕರೆಯಲು ಓಡಿದಳು. ಅವ್ವ ನೀರು ಕುಡಿಸಿ, 'ನೀರ ಅನ್ನಪಾ' ಎಂದಳು. 'ನೀರ.' ಅದು ಯಾವ ಶಬ್ದವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಬಾಯಿಗೆ ಬಂದದ್ದು ಮತ್ತೆ 'ಪಾಣಿ'.

ಮರಾಠಿ ಬಂತು. ಕೆಲವು ವಾರಗಳಲ್ಲಿ ಇಂಗ್ಲಿಷೂ ಕುಂಟುತ್ತ ಬಂತು. ಹಿಂದಿ ಅರ್ಧಂಬರ್ಧ ಬಂತು, ಅದು ಮೊದಲೂ ಅರ್ಧಂಬರ್ಧವೇ ಇತ್ತು. ಕನ್ನಡ ಬರಲಿಲ್ಲ. ಕೇಳಿದರೆ ಎಲ್ಲ ತಿಳಿಯುತ್ತದೆ. ಆಡಲು ಹೋದರೆ ಬಾಯಿ ತೆರೆದದ್ದು ತೆರೆದ ಹಾಗೇ. ಪ್ರಪಂಚದಲ್ಲಿ ನನ್ನ ತಾಯಿಯೊಬ್ಬಳನ್ನು ಬಿಟ್ಟು ಉಳಿದವರ ಜೊತೆಗೆಲ್ಲ ಮಾತಾಡಬಲ್ಲವನಾದೆ.

ನನ್ನ ತಲೆಯ ಮೊದಲ ವಾರಸುದಾರರು ಮಿದುಳಿನ ಡಾಕ್ಟರು. ಅವರ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚಿತ್ತು. ಡಿಸ್ಚಾರ್ಜ್ ಆದ ಮೇಲೂ ವಾರ ವಾರ ಹೋಗಿ ಅದರ ಮೇಲೆ ಕೂರಬೇಕಾಗಿತ್ತು. ಒಳಗೆ ಹೋದರೆ ಅವರು ಅಂಗಾಲಿಗೆ ಕೀಲಿಕೈಯಿಂದ ಗೀರುತ್ತಿದ್ದರು, ಮೊಣಕಾಲಿಗೆ ಸುತ್ತಿಗೆಯಿಂದ ಬಡಿಯುತ್ತಿದ್ದರು, ಆಮೇಲೆ ನನ್ನ ತಲೆಯ ಎಡಬದಿಗೆ ಬೆರಳಿಟ್ಟು ಸುತ್ತಲಿನ ವಿದ್ಯಾರ್ಥಿಗಳಿಗೆ, 'ಕೆಟ್ಟಿರುವುದು ಇಲ್ಲಿ' ಎನ್ನುತ್ತಿದ್ದರು. ಕನ್ನಡ ಯಾಕೆ ಬರುತ್ತಿಲ್ಲ ಎಂದು ಗಿರಿಜಾ ಕೇಳಿದಾಗ ಮತ್ತೆ ಅದೇ ಜಾಗ ಮುಟ್ಟಿ ತೋರಿಸಿದರು. ಹಾಗಾದರೆ ಮರಾಠಿ ಹೇಗೆ ಬಂತು ಎಂದು ನಾನು ಮರಾಠಿಯಲ್ಲೇ ಕೇಳಿದೆ. ಅವರು ಗಡಿಯಾರ ನೋಡಿಕೊಂಡರು.

ಆ ಬೆಂಚಿನ ಮೇಲೆ ನನಗೆ ಸಿಕ್ಕಿದ ಒಂದೇ ಸುಖವನ್ನು ಹೇಳಬೇಕು. ಒಬ್ಬ ಗುಜರಾತಿ ವ್ಯಾಪಾರಿ ಬರುತ್ತಿದ್ದರು. ಲಕ್ವ ಅವರಲ್ಲಿ ಒಂದೇ ಒಂದು ಶಬ್ದ ಉಳಿಸಿತ್ತು: 'ಬರಾಬರ್.' ಹಸಿವಾದರೂ ಬರಾಬರ್, ನೋವಾದರೂ ಬರಾಬರ್. ಅವರ ಮಗ ತಂದೆ ಎಲ್ಲದಕ್ಕೂ ಒಪ್ಪುತ್ತಿದ್ದಾರೆಂದು ತಿಳಿದು ಮನೆಯ ನಿರ್ಧಾರಗಳನ್ನೆಲ್ಲ ತಾನೇ ಮಾಡುತ್ತಿದ್ದ. ಅವರ ಕಣ್ಣು ನೋಡಿದರೆ ಅವರು ಯಾವುದಕ್ಕೂ ಒಪ್ಪಿಲ್ಲವೆಂದು ಯಾರಿಗಾದರೂ ತಿಳಿಯುತ್ತಿತ್ತು, ಮಗನೊಬ್ಬನನ್ನು ಬಿಟ್ಟು. ಒಂದು ದಿನ ನಾನು ಅವರ ಕಿವಿಯ ಹತ್ತಿರ ಮರಾಠಿಯಲ್ಲಿ, ಈ ಡಾಕ್ಟರುಗಳೆಲ್ಲ ಕತ್ತೆಗಳು ಅಂದೆ. ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು, 'ಬರಾಬರ್!' ಎಂದು ಕೂಗಿದರು. ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು. ಲಕ್ವ ಹೊಡೆದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಡಾಕ್ಟರು ನನ್ನನ್ನು ಅದೇ ಆಸ್ಪತ್ರೆಯ ಮನಶ್ಶಾಸ್ತ್ರದ ಬಾಯಿಯವರ ಹತ್ತಿರ ಕಳಿಸಿದರು; ಹೆಂಗಸರನ್ನು ಅಲ್ಲಿ ಗೌರವದಿಂದ ಕರೆಯುವುದು ಬಾಯಿ ಎಂದೇ. ಅವರು ಎರಡನೆಯ ವಾರಸುದಾರರು. ಪರದೇಶದಲ್ಲಿ ಕಲಿತು ಬಂದವರು, ಅದನ್ನು ನಾವು ಮರೆಯದಂತೆ ನೋಡಿಕೊಳ್ಳುತ್ತಿದ್ದರು. ಬಣ್ಣದ ಮರದ ತುಂಡುಗಳನ್ನು ಜೋಡಿಸಲು ಕೊಟ್ಟರು, ಚಿತ್ರ ತೋರಿಸಿ ಕಥೆ ಹೇಳಿಸಿದರು, ನನ್ನ ಬಾಲ್ಯ ಕೇಳಿದರು. ಕೊನೆಗೆ ಗಿರಿಜಾಳನ್ನು ಒಳಗೆ ಕರೆದು, ಕನ್ನಡ ಹೋಗಿಲ್ಲ, ನಿಮ್ಮ ಗಂಡ ಅದನ್ನು ಬಚ್ಚಿಟ್ಟಿದ್ದಾರೆ ಅಂದರು. ಅದು ತಾಯಿಯ ಭಾಷೆ, ಅವರಿಗೆ ತಾಯಿಯ ಮೇಲೆ ಹಳೆಯ ಸಿಟ್ಟಿದೆ, ಅದು ಈಗ ದಾರಿ ಹುಡುಕಿಕೊಂಡಿದೆ.

ಸ್ಟೇಷನ್ನಿಗೆ ನಡೆಯುತ್ತ ಗಿರಿಜಾ, 'ಖರೇ ಏನ್ರೀ?' ಎಂದು ಕೇಳಿದಳು.

ನಾನು ಮರಾಠಿಯಲ್ಲಿ ಆ ಬಾಯಿಯ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯಲಾಗುವುದಿಲ್ಲ. 'ಹಂಗಾರ ಸುಳ್ಳ' ಎಂದು ಗಿರಿಜಾ ಸಮಾಧಾನ ಮಾಡಿಕೊಂಡಳು.

ಆದರೆ ಆ ಮಾತು ಹೇಗೋ ಮನೆಗೆ ಬಂದು ಅವ್ವನ ಕಿವಿಗೆ ಬಿತ್ತು. ಗಿರಿಜಾ ತನ್ನ ಅಣ್ಣನಿಗೆ ಹೇಳಿದಳು, ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಅದರ ಮೇಲೆ ಉಪನ್ಯಾಸ ಮಾಡಿದ. ಈ ಅಣ್ಣ, ಚನ್ನಬಸಪ್ಪ, ನನ್ನ ತಲೆಯ ಮೂರನೆಯ ವಾರಸುದಾರ. ಮಾಟುಂಗದ ಹತ್ತಿರದ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುತ್ತಿದ್ದ. ಪ್ರಶ್ನೆ ಕೇಳಿ ಉತ್ತರ ಬರುವ ಮೊದಲು ಕಣ್ಣು ಮುಚ್ಚುವ ಅಭ್ಯಾಸ ಅವನಿಗಿತ್ತು. ಮನಸ್ಸು ಮಿದುಳಿನಲ್ಲಿಲ್ಲ, ಮಿದುಳು ಬರೀ ಉಪಕರಣ, ಕೆಟ್ಟಿರುವುದು ಉಪಕರಣವೋ ಅದನ್ನು ನುಡಿಸುವವನೋ ಎಂಬುದು ಮೂಲ ಪ್ರಶ್ನೆ ಎಂದು ಅವನು ಹೇಳುತ್ತಿದ್ದಾಗ ನಾನು ಎಡಗೈಯಿಂದ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡುತ್ತಿದ್ದೆ. ಅವನು ಎದ್ದು ಬಂದು ಹಾಕಲಿಲ್ಲ. ಉಪಕರಣಗಳ ಬಗ್ಗೆ ಅವನಿಗಿದ್ದ ಆಸಕ್ತಿ ಅಷ್ಟೇ.

ಅವ್ವನಿಗೆ ಇದರಲ್ಲಿ ತಿಳಿದದ್ದು ಒಂದೇ: ಮಗ ಸಿಟ್ಟಿನಿಂದ ತನ್ನ ಜೊತೆ ಮಾತು ಬಿಟ್ಟಿದ್ದಾನೆ. ನಾನು ಪಕ್ಕದ ಮನೆಯ ಶಿಂದೆಬಾಯಿಯ ಜೊತೆ ಮರಾಠಿಯಲ್ಲಿ ಮಾತಾಡುವುದನ್ನು ಅವಳು ದಿನಾ ನೋಡುತ್ತಿದ್ದಳು. ತನ್ನ ಕಡೆ ತಿರುಗಿದ ಕೂಡಲೇ ನಾನು ಮೂಕ. ಯಾರು ತಾನೇ ನಂಬುತ್ತಾರೆ? ಅದು ಯಾವ ಊರು ಯಾವ ಪ್ರಾಂತ್ಯಕ್ಕೆ ಸೇರಬೇಕೆಂದು ಬೀದಿಬೀದಿಯಲ್ಲಿ ಗದ್ದಲ ನಡೆದಿದ್ದ ಕಾಲ. ನಮ್ಮ ಕಾಲೊನಿಯ ಕನ್ನಡ ಮಂಡಳಿಯ ಕಾರ್ಯದರ್ಶಿ ನನ್ನನ್ನು ನೋಡಲು ಬಂದವನು ನನ್ನ ಮರಾಠಿ ಕೇಳಿ ಮುಖ ಗಂಟಿಕ್ಕಿಕೊಂಡ. ಲಕ್ವ ಹೊಡೆದವನು ಪಕ್ಷ ಬದಲಾಯಿಸಿದ್ದಾನೆಂದು ಅವನಿಗೆ ಅನಿಸಿತು. ಆಮೇಲೆ ಮಂಡಳಿಯಿಂದ ಯಾರೂ ಬರಲಿಲ್ಲ. ಆ ಮಟ್ಟಿಗೆ ಲಕ್ವ ನನಗೆ ಉಪಕಾರವನ್ನೇ ಮಾಡಿತು.

ಅವ್ವ ಒಂದು ಮಧ್ಯಾಹ್ನ ಗಿರಿಜಾಳಿಗೆ, 'ನನ್ನ ಹುಬ್ಬಳ್ಳಿಗೆ ಕಳಸಿಬಿಡ್ರಿ. ಮಗಳ ಮನ್ಯಾಗ ಇರ್ತೀನಿ. ನನ್ನ ಕೂಡ ಮಾತಾಡದಾವನ ಮನ್ಯಾಗ ನಾ ಯಾಕ ಅನ್ನ ಉಣ್ಲಿ?' ಎಂದಳು. ನಾನು ಅಲ್ಲೇ ಕುರ್ಚಿಯಲ್ಲಿ ಕೂತಿದ್ದೆ. ಇಲ್ಲ ಅವ್ವಾ, ಹಾಗಲ್ಲ ಅನ್ನಬೇಕಿತ್ತು. ಬಾಯಿ ತೆರೆದೆ. ಅವಳು ಕಾದಳು. ನಾನು ಬಾಯಿ ಮುಚ್ಚಿದೆ. ಅವಳು ಎದ್ದು ಒಳಗೆ ಹೋದಳು.

ಆಮೇಲೆ ನಡೆದದ್ದು ಯಾರ ಬುದ್ಧಿವಂತಿಕೆಯಿಂದಲೂ ಅಲ್ಲ. ಶಿಂದೆಬಾಯಿ ಬಾಗಿಲಲ್ಲಿ ನಿಂತು, 'ಆಜ್ ಪಾಣೀ ಯೇಣಾರ್ ನಾಹೀ' ಎಂದು ಹೇಳಿ ಹೋದಳು. ಗಿರಿಜಾ ಸಂತೆಗೆ ಹೋಗಿದ್ದಳು. ಅವ್ವ ಎಂದಿನ ಅಭ್ಯಾಸದಿಂದ, ಮುನಿಸು ಮರೆತು, 'ಏನಂತಾಳಾಕಿ?' ಎಂದು ಕೇಳಿದಳು.

'ಇವತ್ತ ನೀರ ಬರೂದಿಲ್ಲಂತ' ಎಂದೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಅವ್ವನ ಕೈಯಲ್ಲಿದ್ದ ಮೊರ ಜಾರಿ ಅಕ್ಕಿ ಚೆಲ್ಲಿತು. 'ಮಲ್ಲೂ! ಇನ್ನೊಮ್ಮೆ ಅನ್ನು. ಏನರ ಅನ್ನಪಾ!' ನಾನು ಪ್ರಯತ್ನಪಟ್ಟೆ. ಒಂದಕ್ಷರ ಹೊರಡಲಿಲ್ಲ. ಅವಳು ನೆಲದ ಮೇಲೆ ಕೂತು ಅಕ್ಕಿ ಬಳಿಯತೊಡಗಿದಳು. ಮಗನಿಗೆ ಮಾತು ಬರುತ್ತದೆ, ಬೇಕೆಂದೇ ಆಡುವುದಿಲ್ಲ ಎಂಬುದಕ್ಕೆ ಅವಳಿಗೆ ಇನ್ನೇನು ಸಾಕ್ಷಿ ಬೇಕು?

ಗಿರಿಜಾ ಬಂದ ಮೇಲೆ ಪರೀಕ್ಷೆ ಮಾಡಿ ನೋಡಿದೆವು. ಅವಳು ಮರಾಠಿಯಲ್ಲಿ ಒಂದು ವಾಕ್ಯ ಹೇಳಿದರೆ ನಾನು ಅದನ್ನು ಸರಾಗವಾಗಿ ಕನ್ನಡಕ್ಕೆ ತರುತ್ತಿದ್ದೆ. ನನ್ನದೇ ವಾಕ್ಯ ಆಡಲು ಹೋದರೆ ಶೂನ್ಯ. ಬೇರೆಯವರ ಮಾತು ದಾಟಿಸಬಲ್ಲೆ, ನನ್ನ ಮಾತು ಆಡಲಾರೆ. ನನ್ನಂಥ ನೌಕರಿಯವನಿಗೆ ತಕ್ಕ ಶಿಕ್ಷೆ.

ಡಾಕ್ಟರಿಗೆ ಹೇಳಿದರೆ ಅದು ಸಾಧ್ಯವಿಲ್ಲ ಅಂದರು. ಅವರ ಮುಂದೆ ಮಾಡಿ ತೋರಿಸಿದೆ. ಆಗಲೂ ಸಾಧ್ಯವಿಲ್ಲ ಅಂದರು. ಮನಶ್ಶಾಸ್ತ್ರದ ಬಾಯಿ ತಾನು ಮೊದಲೇ ಹೇಳಿರಲಿಲ್ಲವೇ ಎಂದು ಸಂತೋಷಪಟ್ಟರು. ಚನ್ನಬಸಪ್ಪ ಕಣ್ಣು ಮುಚ್ಚಿ, 'ಹಂಗಾರ ಕನ್ನಡ ಮಾತಾಡಾಂವ ಯಾರು?' ಎಂದು ಕೇಳಿ, ಉತ್ತರ ಕಾಯದೆ ತನ್ನ ಕಾಲೇಜಿನ ಭಾಷಾಶಾಸ್ತ್ರದ ಪ್ರೊಫೆಸರರನ್ನು ಕರೆತಂದ.

ಈ ನಾಲ್ಕನೆಯ ವಾರಸುದಾರರಷ್ಟು ನನ್ನ ರೋಗವನ್ನು ಪ್ರೀತಿಸಿದವರು ಇನ್ನೊಬ್ಬರಿಲ್ಲ. ನಾನು ತಪ್ಪಾಡಿದಾಗಲೆಲ್ಲ ಅವರ ಮುಖ ಅರಳುತ್ತಿತ್ತು. ನಾನು ಗುಣವಾದರೆ ಅವರಿಗೆ ನಷ್ಟವಾಗುತ್ತದೆಂದು ಹೆದರಿಕೆಯಾಗುವಷ್ಟು. ವಿಭಕ್ತಿ ಪ್ರತ್ಯಯ ಎಲ್ಲಿ ಬಿಡುತ್ತೇನೆ, ಕ್ರಿಯಾಪದ ಎಲ್ಲಿಡುತ್ತೇನೆ ಎಂದು ಪುಣೆಯ ಶುದ್ಧ ಮರಾಠಿಯಲ್ಲಿ ಕೇಳಿ ಕೇಳಿ ನನ್ನನ್ನು ಹಣ್ಣು ಮಾಡಿದರು. ಅವರೇ ಐದನೆಯವನನ್ನು ತಂದದ್ದು. ಉಡುಪಿ ಕಡೆಯ ಒಬ್ಬ ಯುವಕ ಎಂಜಿನಿಯರ್. ಲೆಕ್ಕ ಹಾಕುವ ಒಂದು ದೊಡ್ಡ ವಿದ್ಯುತ್ ಯಂತ್ರ ಕಟ್ಟುತ್ತಿದ್ದ ತಂಡದಲ್ಲಿದ್ದ. ಮುಂದೊಂದು ದಿನ ಯಂತ್ರಗಳೇ ಭಾಷಾಂತರ ಮಾಡುತ್ತವೆಂದು ಅವನು ನನ್ನೆದುರೇ ಹೇಳಿದ. ದುಭಾಷಿಯೊಬ್ಬನ ಹಾಸಿಗೆಯ ಪಕ್ಕ ಕೂತು ಆಡುವ ಮಾತು ಅದಲ್ಲವೆಂದು ಹೊಳೆಯದಷ್ಟು ಒಳ್ಳೆಯ ಹುಡುಗ.

'ನಿಮ್ಮ ತಲೆ ಯಂತ್ರ ಅಂತ ನಾನು ಹೇಳುವುದಲ್ಲ ಮಾರಾಯ್ರೆ' ಎಂದ. 'ಆದ್ರೆ ಕನ್ನಡ ಅಳಿಸಿ ಹೋಗಿದ್ರೆ ಭಾಷಾಂತರಕ್ಕೂ ಸಿಕ್ಕಬಾರ್ದಿತ್ತು. ಇದ್ದದ್ದು ಇದ್ದ ಹಾಗೆಯೇ ಉಂಟು. ಅಲ್ಲಿಗೆ ಹೋಗುವ ಒಂದು ದಾರಿ ಮಾತ್ರ ಬಂದ್ ಆಗಿದೆ, ಇನ್ನೊಂದು ತೆರೆದೇ ಉಂಟು.'

ಅದು ಅಲ್ಲಿಯವರೆಗೆ ಯಾರಾದರೂ ಹೇಳಿದ್ದರಲ್ಲಿ ಅತಿ ಕಡಿಮೆ ಮೂರ್ಖತನದ ಮಾತು. ನಾನು ಹೊಗಳಲಿಲ್ಲ.

ಈ ಐವರೂ ಬೇರೆ ಬೇರೆಯಾಗಿ ನನ್ನನ್ನು ಪರೀಕ್ಷಿಸಿದರು, ಒಂದೇ ಪ್ರಶ್ನೆಯನ್ನು ಐದು ಸಲ ಕೇಳಿದರು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ, ತಿಳಿಯಬೇಕೆಂಬ ಹಂಬಲವೂ ಇರಲಿಲ್ಲ. ಪ್ರೊಫೆಸರರು 'ರೂಪ' ಎಂದರೆ ಡಾಕ್ಟರಿಗೆ ಗೊತ್ತಿಲ್ಲ. ಡಾಕ್ಟರು ಲ್ಯಾಟಿನ್ನಿನಲ್ಲಿ ಒಂದು ಹೆಸರು ಹೇಳಿದರೆ ಪ್ರೊಫೆಸರರು ಅದರ ವ್ಯುತ್ಪತ್ತಿ ಹೇಳಿ ಮುಗಿಸಿಬಿಡುತ್ತಿದ್ದರು. ಒಬ್ಬರ ಮಾತನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳುವ ಕೆಲಸ ಕೊನೆಗೆ ನನ್ನ ಮೇಲೇ ಬಿತ್ತು. ನನಗೆ ಬಂದ ರೋಗವನ್ನು ನಾನೇ ಮನೆಯಿಂದ ಮನೆಗೆ ಹೊತ್ತು ತಿರುಗಿದೆ.

ಈ ಮಧ್ಯೆ ಗಿರಿಜಾ ಮನೆಯಲ್ಲಿ ತನ್ನದೇ ಚಿಕಿತ್ಸೆ ಶುರುಮಾಡಿದಳು. ಹುಬ್ಬಳ್ಳಿಗೆ ಹೊರಟು ನಿಂತ ಅತ್ತೆಯನ್ನು ತಡೆಯಬೇಕಿತ್ತು. ನನ್ನ ಪಕ್ಕ ಕೂತು ಮೆಲ್ಲಗೆ ಮರಾಠಿಯಲ್ಲಿ ಹೇಳುವಳು, ನಾನು ಅವ್ವನ ಕಡೆ ನೋಡಿ ಕನ್ನಡದಲ್ಲಿ ಹೇಳುವೆ. 'ಅವ್ವಾ, ಊಟ ಆತೇನು?' 'ಅವ್ವಾ, ಮೊಣಕಾಲ ನೋವು ಹೆಂಗೈತಿ?' ಅವ್ವನ ಮುಖ ಬಿಚ್ಚಿಕೊಂಡಿತು. ಹುಬ್ಬಳ್ಳಿಯ ಮಾತು ನಿಂತಿತು. ಗಿರಿಜಾಳಿಗೆ ಧೈರ್ಯ ಬಂದು, 'ಗಿರಿಜಾ ಚಹಾ ಭಾಳ ಚೊಲೋ ಮಾಡ್ಯಾಳ' ಎಂದೂ ನನ್ನ ಬಾಯಿಂದ ಹೊರಡಿಸಿದಳು. ಚಹಾ ಚೆನ್ನಾಗಿರಲಿಲ್ಲ. ನಾನು ಪ್ರಾಮಾಣಿಕ ದುಭಾಷಿ, ಹೇಳಿದ್ದನ್ನು ಹೇಳಿದೆ.

ಅವ್ವ ಬಟ್ಟಲು ಕೆಳಗಿಟ್ಟಳು. 'ಗಿರಿಜಾ' ಎಂದಳು, 'ಇವು ನಿನ್ನ ಮಾತು.'

'ಇಲ್ಲ ಅತ್ತೀ, ಅವರ...'

'ನನ್ನ ಮಗ ಹುಟ್ಟಿದಾಗಿಂದ ನನ್ನ ಮೊಣಕಾಲ ಕೇಳಿದಾವಲ್ಲ. ಚಹಾ ಚೊಲೋ ಆಗೇತಿ ಅಂದಾವಂತೂ ಅಲ್ಲೇ ಅಲ್ಲ. ಅಂವ ಇಷ್ಟ ಒಳ್ಳ್ಯಾಂವ ಇದ್ದಿಲ್ಲ. ಎರವಲ ಮಾತ ನನಗ ಬ್ಯಾಡ. ನಾ ಹೊಂಟೆ.'

ಅವಳನ್ನು ಹುಬ್ಬಳ್ಳಿಗೆ ಬಿಟ್ಟು ಬರುವುದು ಚನ್ನಬಸಪ್ಪನ ಪಾಲಿಗೆ ಬಂತು. ಟಿಕೀಟು ತೆಗೆಸಿದ್ದಾಯಿತು. ಅವ್ವ ಟ್ರಂಕನ್ನು ಮಂಚದ ಕೆಳಗಿಂದ ಎಳೆದು ನಡುಮನೆಯಲ್ಲಿಟ್ಟಳು.

ಐವರನ್ನೂ ಒಂದೇ ಕೋಣೆಯಲ್ಲಿ ಕೂಡಿಸಬೇಕೆಂದು ಹಟ ಹಿಡಿದವನು ಎಂಜಿನಿಯರ್. ಅವ್ವ ಹೊರಡುವ ಹಿಂದಿನ ದಿನ ಮಧ್ಯಾಹ್ನ ಡಾಕ್ಟರ ಕೋಣೆಯಲ್ಲಿ ಸಭೆ ಸೇರಿತು. ಮೇಜಿನ ಮೇಲೆ ಪ್ಲಾಸ್ಟರಿನ ಒಂದು ಮಿದುಳಿತ್ತು, ನನಗಿಂತ ಹೆಚ್ಚಾಗಿ ಎಲ್ಲರೂ ಅದರ ಜೊತೆಗೇ ಮಾತಾಡುತ್ತಿದ್ದರು. ಮೊದಲ ಒಂದು ತಾಸು ನಾನು ಯಾರ ಸ್ವತ್ತು ಎಂಬ ಬಗ್ಗೆ ಜಗಳ. ಕೋರ್ಟಿನಲ್ಲಿ ಖಟ್ಲೆಗಳನ್ನು ನೋಡಿ ನೋಡಿ ಬೇಸತ್ತವನು ನಾನು. ಅಲ್ಲಿ ಕನಿಷ್ಠ ಪಕ್ಷ ಒಬ್ಬರು ಮಾತಾಡುವಾಗ ಇನ್ನೊಬ್ಬರು ಸುಮ್ಮನಿರಬೇಕಾಗುತ್ತದೆ. ನಾಳೆ ನನ್ನ ತಾಯಿ ಹೋಗುತ್ತಾಳೆಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಒಬ್ಬರೂ ಕೇಳಿಸಿಕೊಳ್ಳಲಿಲ್ಲ. ಮತ್ತೆ ಹೇಳಿದೆ, ಎಡಗೈಯಿಂದ ಮೇಜು ಗುದ್ದಿದೆ. ಪ್ಲಾಸ್ಟರಿನ ಮಿದುಳು ಉರುಳಿತು.

ಡಾಕ್ಟರು ಮಿದುಳನ್ನು ಎತ್ತಿ ಇಟ್ಟು, ನಾನು ಅವರಿಂದ ನಿರೀಕ್ಷಿಸದ ಒಂದು ಮಾತು ಹೇಳಿದರು. 'ಸತ್ತಿರುವ ಜಾಗ ಯಾವುದೆಂದು ನನಗೆ ಗೊತ್ತು. ಬದುಕಿರುವುದು ಏನೇನು ಮಾಡಬಲ್ಲದು ಎಂದು ನನಗೆ ಗೊತ್ತಿಲ್ಲ.'

ಆಮೇಲೆ ಅವರು ಮೊದಲ ಸಲ ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿದರು. ಎಂಜಿನಿಯರ್ ಕೇಳಿದ: ಇವರು ಬೇರೆಯವರ ಮರಾಠಿಯನ್ನು ಕನ್ನಡ ಮಾಡುತ್ತಾರೆ ಸರಿ, ತಮ್ಮದೇ ಮರಾಠಿಯನ್ನು ಮಾಡುತ್ತಾರೋ? ಅಲ್ಲಿಯವರೆಗೆ ಯಾರೂ ನೋಡಿರಲಿಲ್ಲ. ನೋಡಿದೆವು. ಆಗಲಿಲ್ಲ, ನನ್ನ ಮಾತು ಎಂದು ಗೊತ್ತಾದ ಕೂಡಲೇ ಬಾಯಿ ಕಟ್ಟಿತು. ಪ್ರೊಫೆಸರರು, ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು, ಮರಾಠಿ ವಾಕ್ಯವನ್ನು ಪೂರ್ತಿ ಗಟ್ಟಿಯಾಗಿ ಆಡಬೇಕು, ಕಿವಿಗೆ ಬೀಳಬೇಕು ಅಂದರು. ಮನಶ್ಶಾಸ್ತ್ರದ ಬಾಯಿ, ತಾಯಿಯ ವಿಷಯ ಒಮ್ಮೆಯೂ ಎತ್ತದೆ, ಅದನ್ನು ಹೇಳಿದವನು ತಾನಲ್ಲ ಎಂದು ಇವರು ಎಣಿಸಲಿ, ಕಟಕಟೆಯಲ್ಲಿ ನಿಂತ ಯಾರೋ ಸಾಕ್ಷಿ ಹೇಳಿದ್ದೆಂದು ಎಣಿಸಲಿ ಅಂದರು. ಡಾಕ್ಟರು, ದಣಿದಿದ್ದಾರೆ, ನೀರು ಕುಡಿಸಿ, ಸ್ವಲ್ಪ ಬಿಟ್ಟು ಪ್ರಯತ್ನಿಸಿ ಅಂದರು. ಚನ್ನಬಸಪ್ಪ, 'ಸಾಕ್ಷಿ ಹೇಳಾಂವ್ನೂ ನೀವ, ದುಭಾಷಿನೂ ನೀವ' ಎಂದು, ಮೊದಲ ಬಾರಿಗೆ ಕಣ್ಣು ತೆರೆದುಕೊಂಡೇ ನನ್ನನ್ನು ನೋಡಿದ.

ನೀರು ಕುಡಿದೆ. ಕಟಕಟೆಯಲ್ಲಿ ಒಬ್ಬ ನಡುವಯಸ್ಸಿನ ಸಾಕ್ಷಿಯನ್ನು ನಿಲ್ಲಿಸಿದೆ, ಬಲಗೈ ಜೋತುಬಿದ್ದವನನ್ನು. ಅವನು ಗಟ್ಟಿಯಾಗಿ ಹೇಳಿದ: 'ಮಲಾ ಘರೀ ಜಾಯಚಂ ಆಹೇ.'

ನಾನು ಜಡ್ಜಿನ ಕಡೆ ತಿರುಗಿದ ಹಾಗೆ ತಿರುಗಿದೆ. 'ನಂಗ ಮನೀಗ ಹೋಗಬೇಕಾಗೇತಿ.'

ಚನ್ನಬಸಪ್ಪ ಮುಖ ತಿರುಗಿಸಿಕೊಂಡು ಧೋತರದ ಅಂಚಿನಿಂದ ಕಣ್ಣೊರೆಸಿಕೊಂಡ. ಉಳಿದವರು ಚಪ್ಪಾಳೆ ತಟ್ಟಿದರು, ಮತ್ತು ಅದೇ ಕ್ಷಣ ಇದು ಯಾರ ಸಿದ್ಧಾಂತವನ್ನು ಸಾಧಿಸಿತು ಎಂದು ಜಗಳ ಶುರುಮಾಡಿದರು. ನಾನು ಗಿರಿಜಾಳ ತೋಳು ಹಿಡಿದು ಎದ್ದು ಬಂದೆ. ಐವರಲ್ಲಿ ಒಬ್ಬೊಬ್ಬರೂ ಒಂಟಿಯಾಗಿ ಮೂರ್ಖರು. ಒಂದು ಕೋಣೆಯಲ್ಲಿ ಕೂತು ಒಬ್ಬರನ್ನೊಬ್ಬರು ಕೇಳಿಕೊಂಡ ಆ ಸ್ವಲ್ಪ ಹೊತ್ತು ಮಾತ್ರ ಅವರಲ್ಲಿ ಒಬ್ಬ ಬುದ್ಧಿವಂತ ಹುಟ್ಟಿದ್ದ. ಅವನು ಹೆಚ್ಚು ಹೊತ್ತು ಬದುಕಲಿಲ್ಲ, ಆದರೆ ನನ್ನ ಕೆಲಸ ಮಾಡಿಕೊಟ್ಟು ಸತ್ತ.

ಮನೆಗೆ ಬಂದಾಗ ಅವ್ವ ಟ್ರಂಕಿನ ಮುಂದೆ ಕೂತು ಸೀರೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ. ಗಿರಿಜಾ ಏನೋ ಹೇಳಹೊರಟಳು. ಕೈ ಸನ್ನೆಯಿಂದ ತಡೆದೆ. ಕುರ್ಚಿ ಎಳೆದುಕೊಂಡು ಅವ್ವನೆದುರು ಕೂತು ನನ್ನ ಸಾಕ್ಷಿಯನ್ನು ಕರೆದೆ. ಅವನು ಮರಾಠಿಯಲ್ಲಿ ಹೇಳಿಕೊಂಡ. ಅವ್ವ, ಇದೇನು ಗೊಣಗುತ್ತಾನೆ ಎಂಬಂತೆ ಹುಬ್ಬೇರಿಸಿದಳು. ಹೊಸ ಕೆಲಸ, ಮಧ್ಯೆ ಎರಡು ಸಲ ತಪ್ಪಿತು. ಮೂರನೆಯ ಸಲ ಕನ್ನಡ ಬಂತು.

'ಹುಬ್ಬಳ್ಳ್ಯಾಗ ಏನ ಮಾಡಾಕಿ? ನಿನ್ನ ಅಳಿಯನ ಗೊರಕಿ ಕೇಳಕೋತ ಕುಂದ್ರಾಕಿ ಏನು? ಆ ಎಮ್ಮಿ ಮಲಗಿದ್ರ ಓಣಿ ನಾಯಿ ಸೈತ ಓಡಿಹೋಗ್ತಾವ.'

ಅವ್ವ ಮಡಚುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ಗಿರಿಜಾಳ ಕಡೆ ನೋಡಿದಳು. ಗಿರಿಜಾ ದೂರ, ಬಾಗಿಲ ಹತ್ತಿರ ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವ್ವ ಮತ್ತೆ ನನ್ನ ಕಡೆ ತಿರುಗಿದಳು.

'ಇದು ನನ್ನ ಮಗಂದು' ಎಂದಳು. 'ಇಷ್ಟ ಕೆಟ್ಟ ಬಾಯಿ ಈ ಮನ್ಯಾಗ ಇನ್ಯಾರಿಗೂ ಇಲ್ಲ.' ಆಮೇಲೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ಅಳಿಯನ ಬಗ್ಗೆ ಹಾಗೆ ಅನ್ನಬಾರದೆಂದು ನನ್ನನ್ನು ಬೈದಳು. ಬೈದಳು, ಅತ್ತಳು, ಮತ್ತೆ ಬೈದಳು. ಟ್ರಂಕು ನಡುಮನೆಯಲ್ಲೇ ಉಳಿಯಿತು. ಟಿಕೀಟು ದಂಡವಾದದ್ದಕ್ಕೆ ಚನ್ನಬಸಪ್ಪ ಗೊಣಗಿದ.

ಕಥೆ ಇಲ್ಲಿಗೆ ಸುಖವಾಗಿ ಮುಗಿಯಿತು ಎಂದು ಹೇಳುವುದಿಲ್ಲ. ಕೋರ್ಟಿನಲ್ಲಿ ನಿಂತು ದುಭಾಷಿಕೆ ಮಾಡುವ ಕೆಲಸ ಹೋಯಿತು. ವಕೀಲರ ವೇಗಕ್ಕೆ ನನ್ನ ನಾಲಿಗೆ ಈಗ ಸಾಲದು. ಕಾಗದಪತ್ರ ಭಾಷಾಂತರಿಸುವ ಒಂದು ಮೂಲೆಯಲ್ಲಿ ಕೂಡಿಸಿದ್ದಾರೆ. ಎಡಗೈಯಲ್ಲಿ ಬರೆಯುತ್ತೇನೆ, ಅಕ್ಷರ ಕೋಳಿ ಕೆರೆದ ಹಾಗೆ. ಬಲಗೈ ಚಳಿಗಾಲದಲ್ಲಿ ನೋಯುತ್ತದೆ. ಬರಾಬರ್ ಶೇಠರು ತೀರಿಕೊಂಡರು. ಅವರ ತಲೆಗೆ ಐವರು ವಾರಸುದಾರರು ಬಂದಿದ್ದರೆ ಅವರಿಗೂ ಇಲ್ಲವೆನ್ನುವ ಒಂದು ಶಬ್ದ ಸಿಗುತ್ತಿತ್ತೇನೋ ಎಂದು ಒಮ್ಮೊಮ್ಮೆ ಅನಿಸುತ್ತದೆ.

ಆ ಐವರು ಈಗಲೂ ಆಗೀಗ ಸೇರುತ್ತಾರಂತೆ. ಜಗಳದ ರುಚಿ ಹತ್ತಿದೆ. ಮಿದುಳು, ಮನಸ್ಸು, ಭಾಷೆ, ಯಂತ್ರ, ಇವುಗಳಲ್ಲೆಲ್ಲ ತಿಳಿವಳಿಕೆ ಎಂಬುದು ಹೇಗೆ ನಡೆಯುತ್ತದೆಂದು ಒಟ್ಟಿಗೆ ಹುಡುಕುವ ಒಂದು ವಿದ್ಯೆ ಬೇಕು, ಅದಕ್ಕೆ ಹೆಸರಿಲ್ಲ ಎಂದು ಎಂಜಿನಿಯರ್ ನನಗೆ ಹೇಳಿದ. ಐವರೂ ಐದು ಹೆಸರು ತಂದಿದ್ದಾರೆ, ಪ್ರತಿಯೊಬ್ಬರ ಹೆಸರಿನಲ್ಲೂ ಅವರವರ ವಿದ್ಯೆಯೇ ಮೊದಲಿದೆ. ನನ್ನನ್ನು ಸಭೆಗೆ ಕರೆಯುತ್ತಾರೆ. ಒಮ್ಮೊಮ್ಮೆ ಹೋಗುತ್ತೇನೆ. ಅವರ ಮಧ್ಯೆ ಯಾರಾದರೂ ಭಾಷಾಂತರ ಮಾಡಬೇಕಲ್ಲ.

ಈಗ ನಾನು ಮರಾಠಿಯನ್ನು ಗಟ್ಟಿಯಾಗಿ ಆಡುವುದಿಲ್ಲ; ತುಟಿ ಸ್ವಲ್ಪ ಅಲ್ಲಾಡುತ್ತದೆ ಅಷ್ಟೇ, ಆಮೇಲೆ ಕನ್ನಡ ಬರುತ್ತದೆ. ಕೆಲವು ಮಾತು ಬೇಗ, ಕೆಲವು ನಿಧಾನ. ಇದನ್ನು ಬರೆದದ್ದೂ ಹಾಗೆಯೇ. ನನ್ನ ತಲೆಯ ಮೇಲೆ ಹಕ್ಕಿರುವವರಲ್ಲಿ ಈ ನಡುವಿನ ಅಂತರವನ್ನು ಸಹಿಸುವ ತಾಳ್ಮೆ ಯಾರಿಗೂ ಇಲ್ಲ. ಗಿರಿಜಾ ಕೂಡ ಒಮ್ಮೊಮ್ಮೆ ಶಬ್ದ ಎತ್ತಿಕೊಡುತ್ತಾಳೆ.

ಮೊನ್ನೆ ಊರಿನ ಕಡೆಯವರೊಬ್ಬರು ಮನೆಗೆ ಬಂದಿದ್ದರು. ಏನೋ ಕೇಳಿದರು. ನಾನು ಉತ್ತರ ಹೇಳಲು ಹೊರಟು ಅರ್ಧದಲ್ಲಿ ನಿಂತೆ. ಅವರಿಗೆ ಕಸಿವಿಸಿಯಾಯಿತು, ಮುಖ ನೋಡಿದರು, ಕೆಮ್ಮಿದರು, ಎದ್ದು ಹೋಗಲು ಛತ್ರಿಗೆ ಕೈ ಹಾಕಿದರು. ಅವ್ವ ಶೇಂಗಾ ಸುಲಿಯುತ್ತ ಕೂತಿದ್ದವಳು ತಲೆ ಎತ್ತದೆ ಹೇಳಿದಳು:

'ಕುಂದರ್ರಿ. ಮಾತ ತರಾಕ ಹೋಗ್ಯಾನ. ಬರ್ತಾನ.'